ವೃತ್ತಿನಿಷ್ಠೆಯೂ ವ್ಯಕ್ತಿಯ ಮೇಲ್ಮೆಯೂ

ಗೃಹಸ್ಥನಾದವನು ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ದೇವರ ಮನೆಯಲ್ಲಲ್ಲ; ಸಂಸಾರದ ನಿರ್ವಹಣೆಗಾಗಿ ಕೈಕೊಂಡ ಉದ್ಯೋಗದಲ್ಲಿ. ಬೆಳಗಿನ ಸ್ನಾನ, ಸಂಧ್ಯಾವಂದನೆ, ದೇವತಾರ್ಚನೆಗಳಿಗೆ ಒಂದೆರಡು ಗಂಟೆ ಸಂದರೆ, ಕಚೇರಿ, ಕಾರ್ಖಾನೆ, ಶಾಲೆ, ಅಂಗಡಿಗಳಿಗೆ ಎಂಟು ಹತ್ತು ಗಂಟೆಗಳು ಸಲ್ಲುತ್ತವೆ. ಈ ದೀರ್ಘಕಾಲವು ಧರ್ಮವಿಚಾರಕ್ಕೆ ಹೊರತಾದುದೆಂದು ಭಾವಿಸಿದರೆ, ಉಳಿದ ಅಲ್ಪಕಾಲದ ಆಚರಣೆಯು ನಮ್ಮ ಬಾಳನ್ನು ಎಷ್ಟರ ಮಟ್ಟಿಗೆ ತಿದ್ದಬಲ್ಲುದು? ಉತ್ಸವ ಹಾಗೂ ಪ್ರವಚನಗಳ ವಿಷಯಕ್ಕೆ ಮೀಸಲಾದ ಈ ಪುಟಗಳಲ್ಲಿ ಉದ್ಯೋಗದ ವಿಚಾರವನ್ನು ಎತ್ತಿಕೊಂಡಿರುವುದಕ್ಕೆ ಇದೇ ಕಾರಣ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಂದಿನವರ ವೃತ್ತಿಗಳು ಬೆರಳೆಣಿಕೆಯಷ್ಟಿದ್ದವು. ಬೇಸಾಯ, ನೇಯ್ಗೆ, ವ್ಯಾಪಾರ, ಪಾಠಶಾಲೆ, ಪೌರೋಹಿತ್ಯ ಇವುಗಳ ಪರಿಧಿಯಲ್ಲಿಯೇ ಬದುಕು ಸಾಗುತ್ತಿತ್ತು. ಮಗನು ತಂದೆಯ ಕೈಕೆಳಗೆ ಕೆಲಸವನ್ನು ಕಲಿಯುತ್ತಿದ್ದನು. ಊರಿನವರೆಲ್ಲರೂ ಅವನ ಯೋಗ್ಯತೆಯನ್ನು ಬಲ್ಲವರೇ ಆಗಿದ್ದರು. ಈಗಿನ ಸ್ಥಿತಿ ಬೇರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಆರಂಭವಾಯಿತು. ದಾಬಸ್‌ಪೇಟೆಯ ಕಡೆಯೂ ಹೊಸಕೋಟೆಯ ಕಡೆಯೂ ಕಾರ್ಖಾನೆಗಳು ಬೆಳೆದಿವೆ. ನಮ್ಮ ಮನೆಗಳ ಮಕ್ಕಳು ತಮ್ಮ ಹೆಸರನ್ನೂ ಅರಿಯದ ಸಾವಿರಾರು ಜನರ ನಡುವೆ ದುಡಿಯಬೇಕಾಗಿದೆ. ಇಂತಹ ತರುಣರು ಹಿರಿಯರನ್ನು ಕೇಳುವ ಪ್ರಶ್ನೆ ಒಂದೇ: "ಇಷ್ಟು ಜನರ ನಡುವೆ ನಾನು ಎದ್ದು ಕಾಣುವುದು ಹೇಗೆ?" ಇದಕ್ಕೆ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರವೂ ಒಂದೇ: "ಎದ್ದು ಕಾಣುವ ಆಸೆಯೇ ಅಹಂಕಾರದ ಮೊದಲ ಮೆಟ್ಟಿಲು, ಪಾಲಿಗೆ ಬಂದುದನ್ನು ಮಾಡಿಕೊಂಡಿರು."

ವಿಚಾರಮಾಡಿ ನೋಡಿದರೆ ಈ ಉತ್ತರದಿಂದ ತರುಣನ ಸಮಸ್ಯೆ ಪರಿಹಾರವಾಗುವುದಿಲ್ಲ. ಪಾಲಿಗೆ ಬಂದುದನ್ನು ಹೇಗೆ ಮಾಡಬೇಕೆಂಬುದೇ ಅವನ ಪ್ರಶ್ನೆಯ ತಿರುಳು. ಇಲ್ಲಿ ಸಿದ್ಧಿ ಮತ್ತು ಪ್ರಸಿದ್ಧಿ ಎಂಬ ಎರಡನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಕೆಲಸವು ತನ್ನ ಪೂರ್ಣತೆಯನ್ನು ಮುಟ್ಟುವುದು ಸಿದ್ಧಿ. ಅದು ನಾಲ್ಕು ಜನರ ಕಣ್ಣಿಗೆ ಬೀಳುವುದು ಪ್ರಸಿದ್ಧಿ. ಮೊದಲನೆಯದು ನಮ್ಮ ಪ್ರಯತ್ನಕ್ಕೆ ಒಳಪಟ್ಟದ್ದು, ಎರಡನೆಯದು ಪರರ ಕಣ್ಣಿಗೆ ಒಳಪಟ್ಟದ್ದು. ಜೀವರ ಯೋಗ್ಯತೆಯಲ್ಲಿ ತಾರತಮ್ಯವಿರುವುದನ್ನು ಒಪ್ಪುವ ನಮಗೆ, ಪಕ್ಕದವನನ್ನು ಮೀರಿಸುವುದೇ ಮೇಲ್ಮೆಯೆಂಬ ಭಾವನೆ ಹೊಂದುವುದಿಲ್ಲ. ತನ್ನಲ್ಲಿರುವ ಯೋಗ್ಯತೆಯನ್ನು ಅದರ ಕೊನೆಯ ಅಳತೆಯವರೆಗೆ ಬೆಳಕಿಗೆ ತರುವುದೇ ಮೇಲ್ಮೆ. ಹಾಗೆ ಮಾಡದೆ, ವಿನಯದ ಹೆಸರಿನಲ್ಲಿ ಅರೆಮನಸ್ಸಿನಿಂದ ದುಡಿಯುವವನು ಅಹಂಕಾರವನ್ನು ಗೆದ್ದವನಲ್ಲ, ಆಲಸ್ಯಕ್ಕೆ ಸೋತವನು.

ಹಾಗಾದರೆ ಸಿದ್ಧಿಗೆ ಸಾಧನವಾದ ಗುಣಗಳಾವುವು? ಬುದ್ಧಿ, ವಿದ್ಯೆ, ವಾಕ್ಚಾತುರ್ಯ ಮೊದಲಾದುವನ್ನು ಎಲ್ಲರೂ ಎಣಿಸುತ್ತಾರೆ. ಇವು ಬೇಕಾದವುಗಳೇ, ಆದರೆ ಇವು ಮನುಷ್ಯನಿಗೆ ಕೆಲಸವನ್ನು ದೊರಕಿಸಿಕೊಡುತ್ತವೆಯೇ ಹೊರತು, ಆ ಕೆಲಸದಲ್ಲಿ ಅವನನ್ನು ಉಳಿಸಿ ಬೆಳೆಸುವುದು ಬೇರೊಂದು ಗುಣ. "ಇವನ ಕೈಗೆ ಒಪ್ಪಿಸಿದರೆ ನಾವು ನಿಶ್ಚಿಂತರಾಗಿರಬಹುದು" ಎಂದು ಇತರರಿಗೆ ಅನ್ನಿಸುವಂತಹ ವಿಶ್ವಾಸಾರ್ಹತೆಯೇ ಆ ಗುಣ. ಉಳಿದ ಗುಣಗಳೆಲ್ಲವೂ ಇದರ ಅಂಗಗಳೆಂದೇ ಹೇಳಬಹುದು.

ಈ ವಿಶ್ವಾಸವು ಹುಟ್ಟುವುದು ಯಾರೂ ನೋಡದ ಕಡೆ ಮಾಡಿದ ಕೆಲಸದಲ್ಲಿ. ಅರ್ಚಕರ ಮನೆಯಲ್ಲಿ ಹುಟ್ಟಿದ ನನಗೆ ಇದಕ್ಕೆ ಗರ್ಭಗುಡಿಯ ಉದಾಹರಣೆಯೇ ಮೊದಲು ತೋರುತ್ತದೆ. ಭಕ್ತರು ನೋಡುವುದು ಅಲಂಕಾರವನ್ನೂ ಮಂಗಳಾರತಿಯನ್ನೂ. ಅದಕ್ಕಿಂತ ಬಹಳ ಮುಂಚೆ ನಿರ್ಮಾಲ್ಯ ವಿಸರ್ಜನೆ, ಪಾತ್ರೆಗಳ ಶುದ್ಧಿ, ಅಭಿಷೇಕದ ನೀರು ತರುವುದು, ಗಂಧ ತೇಯುವುದು ಇವೆಲ್ಲ ನಡೆದಿರುತ್ತವೆ. ನೈವೇದ್ಯದ ಹೊತ್ತಿಗೆ ತೆರೆಯನ್ನು ಎಳೆದಿರುತ್ತಾರೆ. ತೆರೆಯ ಒಳಗೆ ಮಂತ್ರವೊಂದನ್ನು ಬಿಟ್ಟರೆ, ಗಂಧವನ್ನು ಅರೆಬರೆಯಾಗಿ ತೇಯ್ದರೆ ಹೊರಗೆ ನಿಂತವರಿಗೆ ತಿಳಿಯುವ ಸಂಭವವೇ ಇಲ್ಲ. ಅಂತಹ ಕಡೆ ಅರ್ಚಕನನ್ನು ಕಾಯುವುದು ಅವನ ನಿಷ್ಠೆಯೊಂದೇ.

ದೊಡ್ಡಬಳ್ಳಾಪುರದ ನೇಕಾರರ ಕೆಲಸದಲ್ಲಿಯೂ ಇದೇ ತತ್ತ್ವ ಅಡಗಿದೆ. ಹಾಸಿನ ಎಳೆಯೊಂದು ಕಡಿದರೆ ಮಗ್ಗವನ್ನು ನಿಲ್ಲಿಸಿ, ಕಡಿದ ಎಳೆಯನ್ನು ಹುಡುಕಿ, ಗಂಟುಹಾಕಿ ಮುಂದುವರಿಯಬೇಕು. ಹಾಗೆ ಮಾಡಿದರೆ ಹೊತ್ತು ಹೋಗುತ್ತದೆ, ಅಂದಿನ ನೇಯ್ಗೆಯ ಅಳತೆ ಕಡಮೆಯಾಗುತ್ತದೆ. ನಿಲ್ಲಿಸದೆ ನೇಯ್ದರೆ ಬಟ್ಟೆಯ ಉದ್ದಕ್ಕೂ ಒಂದು ಗೆರೆ ಉಳಿಯುತ್ತದೆ. ಕೊಳ್ಳುವವರು ಎಲ್ಲ ಸೀರೆಗಳನ್ನೂ ಬಿಡಿಸಿ ನೋಡುವುದಿಲ್ಲ. ಆದರೂ ಒಳ್ಳೆಯ ನೇಕಾರನು ಮಗ್ಗವನ್ನು ನಿಲ್ಲಿಸುತ್ತಾನೆ. ವಿದ್ಯುತ್ ಮಗ್ಗದ ವೇಗದಲ್ಲಿ ಈ ನಿಲುಗಡೆ ಇನ್ನೂ ಹೆಚ್ಚು ನಷ್ಟವೆಂದು ತೋರುತ್ತದೆ. ಆದರೆ ಕಾಲಕ್ರಮದಲ್ಲಿ ಇಂತಹ ನೇಕಾರನ ಸೀರೆಗಳನ್ನು ವ್ಯಾಪಾರಿಯು ಪರೀಕ್ಷೆಮಾಡದೆಯೇ ಕೊಳ್ಳುತ್ತಾನೆ. ಅವನ ಮೇಲ್ಮೆಯು ಅವನು ಮಗ್ಗವನ್ನು ನಿಲ್ಲಿಸಿದ ಕ್ಷಣಗಳಲ್ಲಿ ಹುಟ್ಟಿದುದು.

ಇನ್ನು ರಾಜ್ಯದ ಹೊಣೆಯನ್ನೇ ಹೊತ್ತವರೊಬ್ಬರ ಚರಿತ್ರೆಯನ್ನು ನೋಡೋಣ. ದಿವಾನ್ ಪೂರ್ಣಯ್ಯನವರ ಹೆಸರು ಮಾಧ್ವ ಕುಟುಂಬಗಳಿಗೆ ಅಪರಿಚಿತವಲ್ಲ. 1746ರಲ್ಲಿ ಕೊಯಮತ್ತೂರಿನ ಸೀಮೆಯ ಮಾಧ್ವ ಮನೆತನವೊಂದರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವೇ ಅವರ ವೃತ್ತಿಜೀವನದ ಆರಂಭ. ಬೆನ್ನಿಗೆ ಬಂಧುಬಲವಿರಲಿಲ್ಲ, ಇದ್ದುದು ಶುದ್ಧವಾದ ಲೆಕ್ಕ, ಸ್ಪಷ್ಟವಾದ ಬರಹ ಮತ್ತು ಚುರುಕಾದ ಜ್ಞಾಪಕಶಕ್ತಿ. ಆ ವ್ಯಾಪಾರದ ಸಂಬಂಧದಿಂದಲೇ ಅವರು ಹೈದರ್ ಅಲಿಯ ಆಡಳಿತಕ್ಕೆ ಪರಿಚಿತರಾದರು. 1749ರಲ್ಲಿ ನಮ್ಮ ದೇವನಹಳ್ಳಿಯ ಮುತ್ತಿಗೆಯಲ್ಲಿ ಪರಾಕ್ರಮ ತೋರಿ ಏಳಿಗೆಗೆ ಬಂದ ಹೈದರನು ಜನರ ಯೋಗ್ಯತೆಯನ್ನು ಅಳೆಯುವುದರಲ್ಲಿ ನಿಪುಣನಾಗಿದ್ದನು. ಅವನು ಪೂರ್ಣಯ್ಯನವರಿಗೆ ಖಜಾನೆಯ ಲೆಕ್ಕಪತ್ರಗಳ ಹೊಣೆಯನ್ನೇ ಒಪ್ಪಿಸಿದನು.

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ, ಯುದ್ಧದ ಪಾಳೆಯದಲ್ಲಿಯೇ ಹೈದರನು ಮೃತನಾದನು. ಮಗನಾದ ಟಿಪ್ಪುವು ಆಗ ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹರಡಿದರೆ ಸೈನ್ಯವು ಒಡೆಯುವ, ರಾಜ್ಯವು ಅರಾಜಕವಾಗುವ ಭೀತಿಯಿತ್ತು. ಪೂರ್ಣಯ್ಯನವರೂ ಕೃಷ್ಣರಾಯರೂ ಇತರ ಪ್ರಮುಖರೂ ಕೂಡಿ ಆ ಸಂಗತಿಯನ್ನು ಗುಪ್ತವಾಗಿಟ್ಟು, ಟಿಪ್ಪುವು ಬಂದು ಸೇರುವವರೆಗೆ ನಿತ್ಯದ ವ್ಯವಹಾರವು ಎಂದಿನಂತೆ ಸಾಗುವಂತೆ ನೋಡಿಕೊಂಡರು. ಸೈನ್ಯವೂ ಖಜಾನೆಯೂ ಅವರ ಕೈಯಳತೆಯಲ್ಲಿಯೇ ಇದ್ದ ದಿನಗಳವು. ಸ್ವಾರ್ಥವನ್ನು ಸಾಧಿಸಿಕೊಳ್ಳಲು ಅದಕ್ಕಿಂತ ಅನುಕೂಲವಾದ ಕಾಲವಿರಲಿಲ್ಲ. ನಾಲಗೆಯನ್ನೂ ಕೈಯನ್ನೂ ಏಕಕಾಲದಲ್ಲಿ ಹಿಡಿತದಲ್ಲಿಟ್ಟುಕೊಳ್ಳುವುದು ಎಂತಹ ಗುಣವೆಂಬುದು ಇಲ್ಲಿ ವ್ಯಕ್ತವಾಗುತ್ತದೆ. ಕೆಲಸದ ನಿಮಿತ್ತ ತಿಳಿದ ವಿಷಯವನ್ನು ಕೆಲಸದ ಹೊರಗೆ ಆಡದಿರುವುದು ಇಂದಿಗೂ ಪ್ರತಿಯೊಂದು ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ದುಡಿಯುವವನ ಮೊದಲ ವ್ರತವಾಗಬೇಕು.

ಮುಂದೆ 1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು, ಟಿಪ್ಪುವು ರಣರಂಗದಲ್ಲಿ ಮಡಿದನು. ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಐದು ವರ್ಷದ ಬಾಲಕರು. ಆಡಳಿತದ ಒಳಹೊರಗನ್ನೆಲ್ಲ ಬಲ್ಲ ಪೂರ್ಣಯ್ಯನವರೇ ದಿವಾನರಾಗಿ ನಿಯುಕ್ತರಾದರು. 1811ರವರೆಗೆ ಅವರು ಆ ಪದವಿಯಲ್ಲಿದ್ದು ಯುದ್ಧದಿಂದ ಜರ್ಝರಿತವಾದ ನಾಡನ್ನು ಎತ್ತಿ ನಿಲ್ಲಿಸಿದರು. ಅವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯು ಎರಡು ಶತಮಾನಗಳ ಪ್ರವಾಹಗಳನ್ನು ಕಂಡು ನಿಂತಿದೆ. 1807ರಲ್ಲಿ ಅವರಿಗೆ ಯಳಂದೂರಿನ ಜಹಗೀರು ದೊರೆಯಿತು. 1812ರಲ್ಲಿ ಅವರು ಕಾಲವಶರಾದರು.

ಇಲ್ಲಿ ಸಹಜವಾಗಿಯೇ ಒಂದು ಆಕ್ಷೇಪವು ಏಳುತ್ತದೆ. ಹೈದರ್, ಟಿಪ್ಪು, ಅನಂತರ ಒಡೆಯರು ಎಂದು ಮೂವರ ಆಳ್ವಿಕೆಯಲ್ಲಿ, ಅದರಲ್ಲಿಯೂ ಪರಸ್ಪರ ವಿರುದ್ಧವಾದ ಪಕ್ಷಗಳಲ್ಲಿ, ಒಬ್ಬನೇ ವ್ಯಕ್ತಿ ಉನ್ನತ ಪದವಿಯಲ್ಲಿ ಇರುವುದು ನಿಷ್ಠೆಯೇ? ಅಥವಾ ಗಾಳಿ ಬಂದ ಕಡೆ ತೂರಿಕೊಳ್ಳುವ ಜಾಣತನವೇ? ಪೂರ್ಣಯ್ಯನವರನ್ನು ಈ ಕಾರಣದಿಂದ ನಿಂದಿಸಿದವರು ಇದ್ದಾರೆ. ಪ್ರಶ್ನೆಯು ಕೇವಲ ಚರಿತ್ರೆಗೆ ಸಂಬಂಧಿಸಿದ್ದಲ್ಲ. ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದಕ್ಕೆ ಸೇರುವ, ಒಡೆಯರು ಬದಲಾದ ಕಾರ್ಖಾನೆಯಲ್ಲಿ ಮುಂದುವರಿಯುವ ಇಂದಿನ ತರುಣನಿಗೂ ಇದು ಎದುರಾಗುವ ಪ್ರಶ್ನೆಯೇ. ನಿಷ್ಠೆಯು ಸಲ್ಲಬೇಕಾದುದು ಯಾರಿಗೆ?

ನನಗೆ ತೋರುವ ಸಮಾಧಾನ ಇಂತಿದೆ. ಒಡೆಯನಿಗೆ ಸಲ್ಲಬೇಕಾದ ಋಣವೊಂದಿದೆ. ಉಪ್ಪು ತಿಂದ ಮನೆಗೆ ಎರಡು ಬಗೆಯದಿರುವುದೇ ಆ ಋಣದ ತೀರುವಳಿ. ಆದರೆ ಕೆಲಸವು ಒಡೆಯನಿಗಿಂತ ದೊಡ್ಡದು. ಏಕೆಂದರೆ ಅದರ ಫಲವನ್ನು ಉಣ್ಣುವವರು ಬೇರೆಯವರೂ ಇರುತ್ತಾರೆ. ಅರಸರು ಬದಲಾದರೂ ಕೆರೆಯ ಏರಿಯನ್ನು ಭದ್ರಪಡಿಸಬೇಕು, ರೈತನ ಕಂದಾಯದ ಲೆಕ್ಕ ತಪ್ಪಬಾರದು, ಹೊಳೆಯನ್ನು ದಾಟುವವನಿಗೆ ಸೇತುವೆ ಬೇಕು. ಟಿಪ್ಪುವು ಮಡಿದ ದಿನ ಲೆಕ್ಕದ ಕಡತಗಳೂ ಅವುಗಳ ಮರ್ಮವನ್ನು ಬಲ್ಲವರೂ ಕಾಣೆಯಾಗಿದ್ದರೆ ಕಷ್ಟಕ್ಕೆ ಸಿಕ್ಕುತ್ತಿದ್ದವರು ಹಳ್ಳಿಯ ಜನರೇ. ಒಡೆಯನು ಇರುವವರೆಗೆ ಅವನಿಗೆ ದ್ರೋಹವನ್ನೆಣಿಸದೆ, ಅವನು ಇಲ್ಲವಾದ ಮೇಲೆ ಅವನ ಹೆಸರಿನಲ್ಲಿ ಕೆಲಸವನ್ನು ಕೆಡಿಸದೆ ಮುಂದುವರಿಯುವುದು ಅವಕಾಶವಾದವಲ್ಲ.

ಆದರೆ ಈ ಸಮಾಧಾನಕ್ಕೆ ಒಂದು ಎಲ್ಲೆಯಿದೆ. ಕೆಲಸದ ಹೆಸರಿನಲ್ಲಿ ಎಂತಹ ಆಜ್ಞೆಯನ್ನಾದರೂ ಪಾಲಿಸುತ್ತ ಕುಳಿತಿರಬಹುದೆಂದು ಇದರ ಅರ್ಥವಲ್ಲ. ಅನ್ಯಾಯದ ಲೆಕ್ಕವನ್ನು ದುಂಡಾದ ಅಕ್ಷರಗಳಲ್ಲಿ ಬರೆದರೆ ಅದು ನ್ಯಾಯವಾಗುವುದಿಲ್ಲ. ಅಂತರಂಗವು ಒಪ್ಪದ ಕೆಲಸ ಬಂದಾಗ ಏನು ಮಾಡಬೇಕು? ಇದಕ್ಕೆ ಉತ್ತರವನ್ನು ಪೂರ್ಣಯ್ಯನವರಾದ ಮೇಲೆ ಒಂದು ಶತಮಾನ ಕಳೆದು ಅದೇ ದಿವಾನಗಿರಿಗೆ ಬಂದ ಇನ್ನೊಬ್ಬರ ಬಾಳಿನಲ್ಲಿ ಕಾಣುತ್ತೇವೆ.

ದೇವನಹಳ್ಳಿಗೆ ಅನತಿದೂರದಲ್ಲಿ, ನಂದಿಬೆಟ್ಟದ ಸೀಮೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರೂ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಓದಿ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ನೀರಿನ ಸಂಗ್ರಹವನ್ನು ಹೆಚ್ಚಿಸಬೇಕಾಗಿತ್ತು. ಕಟ್ಟೆಯನ್ನೇ ಎತ್ತರಿಸುವುದು ಸುಲಭವಾಗಿ ತೋರುವ ದಾರಿ. ವಿಶ್ವೇಶ್ವರಯ್ಯನವರು ಹೆಚ್ಚುವರಿ ನೀರು ಹೊರಗೆ ಹರಿಯುವ ಕಡೆ, ನೆರೆ ಬಂದಾಗ ತಾವಾಗಿಯೇ ತೆರೆದು, ನೀರು ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಯೋಚಿಸಿ 1903ರಲ್ಲಿ ಅಳವಡಿಸಿದರು. ರೂಢಿಯ ದಾರಿಯಲ್ಲಿ ನಡೆಯುವುದಕ್ಕೆ ಮುಂಚೆ "ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೇ?" ಎಂದು ಕೇಳುವುದು, ಅಳತೆಮಾಡಿ ನೋಡದೆ ಮಾತನಾಡದಿರುವುದು, ಪದವಿ ಬಂದ ಮೇಲೂ ವಿದ್ಯಾರ್ಥಿಯಾಗಿಯೇ ಉಳಿಯುವುದು, ಇವು ಅವರ ವಿಶೇಷ ಗುಣಗಳಾಗಿದ್ದವು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ, 1912ರಲ್ಲಿ ದಿವಾನರಾಗಿ ಅವರು ಮಾಡಿದ ಕಾರ್ಯಗಳು ಸರ್ವವಿದಿತ. 1918ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಅವಕಾಶ ಕಲ್ಪಿಸುವ ವಿಚಾರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಈ ವಿಷಯದಲ್ಲಿ ವಿಶ್ವೇಶ್ವರಯ್ಯನವರ ಅಭಿಪ್ರಾಯವು ಮಹಾರಾಜರ ಅಭಿಪ್ರಾಯಕ್ಕೆ ಹೊಂದಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅವರು ಪದವಿಯನ್ನು ಬಿಟ್ಟರು. ನೇರವಾಗಿ ಹೇಳುವುದಾದರೆ, ಆ ಪ್ರಶ್ನೆಯಲ್ಲಿ ಕಾಲವು ಮಹಾರಾಜರ ನಿರ್ಣಯವನ್ನೇ ಎತ್ತಿಹಿಡಿಯಿತು. ವಿದ್ಯೆಯ ಬಾಗಿಲು ತಲೆಮಾರುಗಳಿಂದ ಮುಚ್ಚಿದ್ದವರಿಗೆ ಅದನ್ನು ತೆರೆಯಬೇಕಾದುದು ನ್ಯಾಯವೇ ಆಗಿತ್ತು. ವಿಶ್ವೇಶ್ವರಯ್ಯನವರ ಅಭಿಪ್ರಾಯವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವರ ನಡತೆಯಿಂದ ಕಲಿಯಬಹುದು. ಒಪ್ಪದ ಕಾರ್ಯವನ್ನು ಒಪ್ಪಿದಂತೆ ನಟಿಸಿ ಒಳಗಿನಿಂದ ಕೆಡಿಸುವುದು ಅಧಿಕಾರಿಗೆ ಸುಲಭ. ಕಡತವನ್ನು ತಡೆಹಿಡಿದರೆ ಸಾಕು. ಅವರು ಹಾಗೆ ಮಾಡದೆ, ಕಾರ್ಯಕ್ಕೆ ದಾರಿಬಿಟ್ಟು ತಾವೇ ಸರಿದು ನಿಂತರು. ದ್ವೇಷವನ್ನೂ ಇಟ್ಟುಕೊಳ್ಳಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಸಂಕಷ್ಟದಲ್ಲಿದ್ದಾಗ ಅದೇ ಸಂಸ್ಥಾನವು ಕರೆಯಲು, ಅದರ ಆಡಳಿತ ಮಂಡಲಿಯ ಹೊಣೆಯನ್ನು ಹೊತ್ತು ಅದನ್ನು ಸ್ಥಿರಪಡಿಸಿದರು. ಅಂತರಂಗವು ಒಪ್ಪದಿದ್ದಾಗ ಬಹಿರಂಗವಾಗಿ ಹೇಳಿ ಬಿಡುವುದು, ಬಿಟ್ಟ ಮೇಲೆ ನಿಂದಿಸದಿರುವುದು, ಕರೆದರೆ ಮರಳಿ ನೆರವಾಗುವುದು, ಇದು ನಿಷ್ಠೆಯ ಇನ್ನೊಂದು ಮುಖ.

ಈ ಇಬ್ಬರು ದಿವಾನರ ಚರಿತ್ರೆಯಿಂದ ಇನ್ನೂ ಒಂದು ಸೂಕ್ಷ್ಮವನ್ನು ಅರಿಯಬಹುದು. ಅರಸರು ಪ್ರಾಪ್ತವಯಸ್ಕರಾದಾಗ ಅಧಿಕಾರವನ್ನು ಬಿಟ್ಟುಕೊಡಲು ಪೂರ್ಣಯ್ಯನವರ ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ಅವರು ತುಂಬಿಟ್ಟ ಖಜಾನೆಯೂ ಅವರಾದ ಮೇಲೆ ಬರಿದಾಗುತ್ತ ಹೋಗಿ, 1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಅಷ್ಟು ದೊಡ್ಡ ವ್ಯವಸ್ಥೆಯು ಒಬ್ಬರ ಹೆಗಲ ಮೇಲೆಯೇ ನಿಂತಿತ್ತೆಂಬುದು ಸ್ಪಷ್ಟ. ಅತ್ತ 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟಿನ ಕೆಲಸವು ವಿಶ್ವೇಶ್ವರಯ್ಯನವರು ಪದವಿಯನ್ನು ಬಿಟ್ಟ ಮೇಲೂ ನಿಲ್ಲದೆ ಸಾಗಿ, ಮುಂದಿನ ದಿವಾನರ ಕಾಲದಲ್ಲಿ ಪೂರ್ಣಗೊಂಡಿತು. ನಕ್ಷೆ, ಅಂದಾಜು, ನಿಯಮ, ತರಬೇತಾದ ಜನ ಎಲ್ಲವೂ ಸಿದ್ಧವಾಗಿದ್ದುದರಿಂದ ಕೆಲಸವು ವ್ಯಕ್ತಿಯನ್ನು ಅವಲಂಬಿಸಲಿಲ್ಲ. "ನಾನಿಲ್ಲದಿದ್ದರೆ ಈ ಕಚೇರಿ ನಡೆಯುವುದಿಲ್ಲ" ಎಂದು ಹೆಮ್ಮೆಪಡುವವರು ಎಲ್ಲ ಕಡೆಯೂ ಇದ್ದಾರೆ. ಕೆಲಸದ ಮರ್ಮವನ್ನು ಬಚ್ಚಿಟ್ಟುಕೊಂಡು ಅನಿವಾರ್ಯನಾಗುವುದು ಸುಲಭ. ಕಿರಿಯರಿಗೆ ಎಲ್ಲವನ್ನೂ ಕಲಿಸಿ, ತಾನು ಇಲ್ಲದಿದ್ದರೂ ನಡೆಯುವಂತೆ ಮಾಡುವುದೇ ಕಠಿನವಾದ ಸಾಧನೆ. ಮೇಲಧಿಕಾರಿಯಾದವನ ಯೋಗ್ಯತೆಯನ್ನು ಅವನು ರಜೆಯಲ್ಲಿದ್ದ ದಿನಗಳಲ್ಲಿ ಅಳೆಯಬೇಕು.

ಕೊನೆಯದಾಗಿ, ಇಷ್ಟೆಲ್ಲ ಸಾಧಿಸಿದವನನ್ನು ಕೆಡಿಸಬಲ್ಲ ಶತ್ರುವೊಂದಿದೆ. ಅದು "ನಾನು ಮಾಡಿದೆ" ಎಂಬ ಕರ್ತೃತ್ವದ ಅಭಿಮಾನ. ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದವರೆಲ್ಲರೂ ಪರತಂತ್ರರು ಎಂದು ನಿತ್ಯವೂ ಕೇಳುವ ನಾವು ಈ ತತ್ತ್ವವನ್ನು ಕಚೇರಿಯ ಬಾಗಿಲಿನ ಹೊರಗೆ ಬಿಟ್ಟು ಒಳಗೆ ಹೋಗುವುದುಂಟು. ಶ್ರೀಜಯತೀರ್ಥರು ತಮ್ಮ ಅಸಾಧಾರಣ ಪಾಂಡಿತ್ಯವನ್ನು ಧಾರೆಯೆರೆದದ್ದು ಬಹುಮಟ್ಟಿಗೆ ಶ್ರೀಮದಾಚಾರ್ಯರ ಗ್ರಂಥಗಳ ಅರ್ಥವನ್ನು ಬಿಡಿಸಿ ಹೇಳುವುದಕ್ಕೆ. ಅನುವ್ಯಾಖ್ಯಾನಕ್ಕೆ ಅವರು ಬರೆದ ಶ್ರೀಮನ್ನ್ಯಾಯಸುಧೆಯು ವಿದ್ವತ್ತಿನ ಪರಾಕಾಷ್ಠೆಯೆನಿಸಿದರೂ ಅದರ ಸ್ವರೂಪ ಟೀಕೆಯೇ. ಲೋಕವು ಅವರನ್ನು ಟೀಕಾಚಾರ್ಯರೆಂದೇ ಕರೆದು ಪೂಜಿಸಿತು. ಇನ್ನೊಬ್ಬರ ಮಾತನ್ನು ಬೆಳಗಿಸಲು ಹೊರಟವರು ತಾವೇ ಬೆಳಗಿದರು. ಮೇಲ್ಮೆಯನ್ನು ಅರಸಿ ಹೊರಟವನಿಗೆ ಅದು ದೊರೆಯದೆ, ಕೆಲಸದಲ್ಲಿ ತನ್ನನ್ನು ಮರೆತವನಿಗೆ ದೊರೆಯುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಆದ್ದರಿಂದ ನಮ್ಮ ಮಕ್ಕಳು ಉದ್ಯೋಗಕ್ಕೆ ಹೊರಟಾಗ ಹಿರಿಯರಾದವರು ಸಂಬಳವೆಷ್ಟು, ಬಡ್ತಿ ಯಾವಾಗ ಎಂಬ ಎರಡೇ ಪ್ರಶ್ನೆಗಳನ್ನು ಕೇಳಿ ಸುಮ್ಮನಾಗಬಾರದು. ನಿನ್ನ ಲೆಕ್ಕ ಶುದ್ಧವಾಗಿದೆಯೇ? ಕಿವಿಗೆ ಬಿದ್ದ ಗುಟ್ಟು ನಾಲಗೆಗೆ ಬಾರದಂತೆ ಕಾಯ್ದುಕೊಂಡಿದ್ದೀಯಾ? ಈ ವರ್ಷ ಹೊಸದಾಗಿ ಏನನ್ನು ಕಲಿತೆ? ನಿನ್ನ ಕೈಕೆಳಗಿನವರಿಗೆ ಏನನ್ನು ಕಲಿಸಿದೆ? ಒಪ್ಪದ ಕೆಲಸವನ್ನು ಒಪ್ಪುವುದಿಲ್ಲವೆಂದು ಹೇಳುವ ಧೈರ್ಯ ನಿನಗಿದೆಯೇ? ಈ ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಕೇಳುವ ಮನೆಗಳು ಹೆಚ್ಚಾಗಬೇಕು. ಕೊನೆಯ ಪ್ರಶ್ನೆಯನ್ನು ಕೇಳುವವರಿಗೂ ಧೈರ್ಯ ಬೇಕು. ಏಕೆಂದರೆ ಮಗನು ಕೆಲಸವನ್ನು ಬಿಟ್ಟು ಬಂದ ದಿನ ಅವನ ಬೆನ್ನಿಗೆ ನಿಲ್ಲಬೇಕಾದವರು ಅವರೇ.

ಪೂಜೆಯ ಕೊನೆಯಲ್ಲಿ ಕೈಯಲ್ಲಿ ನೀರು ಹಿಡಿದು ಎಲ್ಲವನ್ನೂ ಶ್ರೀಕೃಷ್ಣನಿಗೆ ಅರ್ಪಿಸುತ್ತೇವೆ. ಬಾಡಿದ ಹೂವನ್ನೂ ಹುಳುಕು ಹಣ್ಣನ್ನೂ ಅರ್ಪಿಸಲು ಯಾರ ಮನಸ್ಸೂ ಒಪ್ಪುವುದಿಲ್ಲ. ದಿನದ ದುಡಿಮೆಯನ್ನೂ ಅವನಿಗೇ ಅರ್ಪಿಸಬೇಕೆಂದು ಬಲ್ಲವನು ಅದನ್ನು ಹುಳುಕಾಗಲು ಬಿಟ್ಟಾನೆಯೇ?

॥ ಶ್ರೀಕೃಷ್ಣಾರ್ಪಣಮಸ್ತು ॥